ಮನೆ ಬಿಟ್ಟ ಮೇಲೂ ಕಾವಲು

೨೦೨೫ರ ಮಾರ್ಚ್ ೧೧, ಮಂಗಳವಾರ, ಬೆಳಗ್ಗೆ ೧೦ ಗಂಟೆ ೫೨ ನಿಮಿಷ.

"ಸಹಿ ಹಾಕ್ಬಿಡಿ ಮೇಡಂ. ತಪ್ಪು ಮಾಡಿದೋನೇ ಒಪ್ಕೊಂಡಿದಾನೆ. ಇನ್ನೇನು ಅಗೀತೀರಿ?"

ಮ್ಯಾನೇಜರ್ ವರದಿಯ ಕೊನೆಯ ಹಾಳೆಯನ್ನು ಮೇಜಿನ ಮೇಲೆ ಜಾರಿಸಿ, ಪೆನ್ನಿನ ಮುಚ್ಚಳವನ್ನೂ ತಾನೇ ತೆಗೆದು ಪಕ್ಕದಲ್ಲಿಟ್ಟ.

ಆಕೆ ಪೆನ್ನು ಮುಟ್ಟಲಿಲ್ಲ. ಕಾರ್ಖಾನೆ ಸುರಕ್ಷತಾ ಕಚೇರಿಯ ತನಿಖಾಧಿಕಾರಿ; ವಯಸ್ಸು ಐವತ್ತೆರಡು; ಕೈಚೀಲದಲ್ಲಿ ಒಂದು ಟೇಪು, ಒಂದು ಸ್ಟಾಪ್‌ವಾಚು ಇಲ್ಲದೆ ಮನೆಯ ಹೊಸಿಲು ದಾಟಿದವಳಲ್ಲ. ಹೋದ ಕಾರ್ಖಾನೆಗಳಲ್ಲೆಲ್ಲ ಬೆನ್ನ ಹಿಂದೆ ಅವಳನ್ನು 'ಅಳತೆಯಮ್ಮ' ಅನ್ನುತ್ತಿದ್ದರು. ಅದು ಅವಳಿಗೆ ಗೊತ್ತಿತ್ತು. ಅದಕ್ಕಿಂತ ಕೆಟ್ಟ ಹೆಸರುಗಳೂ ಗೊತ್ತಿದ್ದವು.

ಕಾಗದ ಕತ್ತರಿಸುವ ಯಂತ್ರಗಳನ್ನು ಮಾಡುವ ಈ ಕಾರ್ಖಾನೆಯ ಪರೀಕ್ಷಾ ಕೊಠಡಿಯಲ್ಲಿ, ಕಳೆದ ಶುಕ್ರವಾರ ಸಂಜೆ ನಾಲ್ಕೂ ಇಪ್ಪತ್ತಕ್ಕೆ, ಆರನೇ ಯಂತ್ರದ ಅಲಗು ಬಿದ್ದು ಒಬ್ಬ ಫಿಟ್ಟರನ ಬಲಗೈಯ ನಾಲ್ಕು ಬೆರಳು ಹೋಗಿದ್ದವು. ಯಂತ್ರಕ್ಕೂ ಕಂಪ್ಯೂಟರಿಗೂ ನಡುವೆ ದುಭಾಷಿಯಂತೆ ಕೂರುವ ಪುಟ್ಟ ಪ್ರೋಗ್ರಾಮು, ಅಂದರೆ ಡ್ರೈವರು, ಅದರಲ್ಲಿ ತಪ್ಪಿತ್ತು ಎಂದು ವರದಿ ಹೇಳುತ್ತಿತ್ತು. ಬರೆದವನು ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೈಕಟ್ಟಿ ಕೂತಿದ್ದ. ಕೊಠಡಿಯವರು ಅವನನ್ನು ಪಂಡಿತ ಎಂದು ಕರೆಯುತ್ತಿದ್ದರು. ಫಿಟ್ಟರನ ಹೆಂಡತಿ ಈ ಪಂಡಿತನ ಒಡಹುಟ್ಟಿದ ತಂಗಿ.

ಹನ್ನೆರಡಕ್ಕೆ ಪೊಲೀಸರು ಬರುವವರಿದ್ದರು. ಹಾಳೆಯ ಮೇಲೆ ಅಳತೆಯಮ್ಮನ ಸಹಿ ಬಿದ್ದರೆ ಪಂಡಿತ ಅವರ ಜೀಪಿನಲ್ಲಿ ಹೋಗುತ್ತಾನೆ. ಭಾವ ಭಾವಮೈದುನರಿಗೆ ಆರು ತಿಂಗಳಿಂದ ಮಾತಿರಲಿಲ್ಲ. ಹಾಗಾಗಿ ಪೊಲೀಸರು 'ನಿರ್ಲಕ್ಷ್ಯ' ಅನ್ನುವಲ್ಲಿಗೇ ನಿಲ್ಲುವುದಿಲ್ಲ ಎಂಬುದು ಆ ಕೋಣೆಯ ಗೋಡೆಗಳಿಗೂ ತಿಳಿದಿತ್ತು.

"ಇನ್ನೊಂದು ಸಲ ಹೇಳಿ," ಆಕೆ ಪಂಡಿತನ ಕಡೆ ತಿರುಗಿದಳು. "ನಿಮ್ಮ ತಪ್ಪೇನು?"

"ನಾಲ್ಕು ಸಲ ಹೇಳಾಯ್ತು."

"ಐದನೇ ಸಲ ಕೇಳ್ತೀನಿ. ಕಿವಿ ನಂದು, ಸವೆದ್ರೆ ನಂದೇ ಸವೆಯುತ್ತೆ."

ಪಂಡಿತ ಉಸಿರುಬಿಟ್ಟ. ಕ್ಷೌರ ಕಾಣದ ಗಲ್ಲ, ನಿದ್ದೆ ಕಾಣದ ಕಣ್ಣು. ಆದರೆ ಮಾತು ಶುರುವಾದರೆ ಮೇಷ್ಟರ ಮಾತು.

"ಡ್ರೈವರು ಕೆಲಸ ಶುರು ಮಾಡುವಾಗ ಸಿಸ್ಟಮ್ ಹತ್ರ ಒಂದೊಂದೇ ಕೇಳಿ ತಗೊಳ್ಳುತ್ತೆ. ಮೊದಲು ಒಂದಿಷ್ಟು ಮೆಮೊರಿ. ಅದನ್ನ ಒಂದು ಬಾಡಿಗೆ ಮನೆ ಅನ್ಕೊಳ್ಳಿ. ಮನೆ ಗೋಡೆ ಮೇಲೆ ಒಂದು ಸ್ಲೇಟು. 'ಅಲಗು ಹಿಡ್ಕೊ' ಅಂತ ಅದರ ಮೇಲೆ ಬರೆದಿರುತ್ತೆ. ಆಮೇಲೆ ಒಬ್ಬ ಕಾವಲುಗಾರನ್ನ ಕೇಳುತ್ತೆ. ಅಲಗಿನ ಮುಂದೆ ಕಣ್ಣಿಗೆ ಕಾಣದ ಬೆಳಕಿನ ಪರದೆ ಇದೆಯಲ್ಲ, ಅದನ್ನ ಯಾರದ್ದಾದ್ರೂ ಕೈ ದಾಟಿದ್ರೆ ಈ ಕಾವಲುಗಾರ ಎದ್ದು ಓಡಿಹೋಗಿ ಸ್ಲೇಟು ಓದ್ತಾನೆ. ಅಲ್ಲಿ ಏನಿದ್ಯೋ ಅದನ್ನ ಮಾಡ್ತಾನೆ."

"ಕೆಲಸ ಮುಗಿದಾಗ?"

"ತಗೊಂಡ ಕ್ರಮ ತಿರುಗಿಸಿ ವಾಪಸ್ಸು ಕೊಡಬೇಕು. ಕೊನೆಗೆ ತಗೊಂಡಿದ್ದು ಮೊದಲು. ಮೊದಲು ಕಾವಲುಗಾರನ್ನ ಮನೆಗೆ ಕಳಿಸಿ, ಆಮೇಲೆ ಬಾಡಿಗೆ ಮನೆ ಬಿಡಬೇಕು. ನಾನು ಮನೆ ಮೊದಲು ಬಿಟ್ಟೆ."

"ಯಾಕೆ?"

"ಮನೆ ಬಿಡೋದನ್ನ ನಾನೇ ಕೈಯಾರೆ ಬರೆದೆ. ಕಾವಲುಗಾರನ್ನ ಬಿಡಿಸೋದನ್ನ ಸಿಸ್ಟಮ್ಮಿನ ಪಟ್ಟಿಗೆ ಹಾಕ್ದೆ. ಪಟ್ಟಿಲಿ ಇದ್ದಿದ್ದನ್ನ ಸಿಸ್ಟಮ್ಮೇ ಕ್ರಮ ತಿರುಗಿಸಿ ವಾಪಸ್ಸು ಕೊಡುತ್ತೆ. ಆದ್ರೆ ಯಾವಾಗ? ನನ್ನ ಸಾಲುಗಳೆಲ್ಲ ಮುಗಿದ ಮೇಲೆ. ಅರ್ಧ ಕೈಯಲ್ಲಿ, ಅರ್ಧ ಪಟ್ಟಿಯಲ್ಲಿ. ಎರಡು ದೋಣಿ ಮೇಲೆ ಕಾಲು." ಅವನು ತನ್ನ ಅಂಗೈ ನೋಡಿಕೊಂಡ. "ನಡುವೆ ಒಂದು ಚೂರು ಹೊತ್ತು ಮನೆ ಬೇರೆಯವರದ್ದಾಗಿರುತ್ತೆ, ಕಾವಲುಗಾರ ಇನ್ನೂ ನಮ್ಮೋನೇ ಆಗಿರ್ತಾನೆ. ಆ ಹೊತ್ತಲ್ಲಿ ಕೈ ಹೋದ್ರೆ ಅವನು ಯಾರದ್ದೋ ಮನೆ ಸ್ಲೇಟು ಓದಿ ಅಲಗು ಬಿಡ್ತಾನೆ."

"ಕೇಳಿದ್ರಲ್ಲ?" ಮ್ಯಾನೇಜರ್ ಗಡಿಯಾರ ನೋಡಿದ. "ನಮ್ಮ ಪಂಡಿತರು ಬಿಡಿಸಿ ಬಿಡಿಸಿ ಹೇಳಿದ್ರು. ಬರೆಯೋವಾಗ್ಲೂ ಇಷ್ಟು ಬಿಡಿಸಿ ಬರೆದಿದ್ರೆ ಒಬ್ಬ ಮನುಷ್ಯನ ಕೈ ಉಳೀತಿತ್ತು."

ಪಂಡಿತ ಹಲ್ಲು ಕಚ್ಚಿದ.

ಅಳತೆಯಮ್ಮ ಎದ್ದು ಆರನೇ ಯಂತ್ರದ ಬಳಿ ಹೋದಳು. ಅದರ ಸುತ್ತ ಅವಳೇ ಹಾಕಿಸಿದ ಮೊಹರಿನ ಪಟ್ಟಿ ಹಾಗೇ ಇತ್ತು. ಅಲಗಿನ ಚೌಕಟ್ಟಿನಲ್ಲಿ ಹೆಬ್ಬೆರಳು ಗಾತ್ರದ ಒಂದು ತೂತು. ಅದರಲ್ಲಿ ಕಬ್ಬಿಣದ ಪಿನ್ನು ಸಿಕ್ಕಿಸಿದರೆ ಯಾವ ಡ್ರೈವರು ಏನೇ ಅಂದರೂ ಅಲಗು ಕೆಳಗಿಳಿಯುವುದಿಲ್ಲ. ಪಿನ್ನು ಗೋಡೆಯ ಮೊಳೆಗೆ ನೇತುಬಿದ್ದಿತ್ತು, ಮೈತುಂಬ ಧೂಳು ಹೊತ್ತು.

"ಇದನ್ನ ಹಾಕದೆ ಯಾಕೆ ಕೈ ಹಾಕಿದ್ರು?"

"ನಿಯಮ ಹಾಕಿ ಅಂತಾನೇ ಇದೆ," ಅಂದ ಮ್ಯಾನೇಜರ್.

"ನಿಯಮ ನಾನು ಓದಿದೀನಿ. ಪದ್ಧತಿ ಕೇಳ್ತಿದೀನಿ."

ಉತ್ತರ ಪಂಡಿತನಿಂದ ಬಂತು. "ದಿನಕ್ಕೆ ಇಪ್ಪತ್ತು ಕಾರ್ಡು, ಅಂದ್ರೆ ಅಲಗು ನಡೆಸೋ ಸರ್ಕ್ಯೂಟ್ ಹಲಗೆ, ಬದಲಾಯಿಸಿ ಪರೀಕ್ಷೆ ಮಾಡ್ಬೇಕು. ಪಿನ್ನು ಹಾಕೋಕೆ ಪ್ರತಿ ಸಲ ನಾಲ್ಕು ನಿಮಿಷ. ಅದಕ್ಕೇ ಎಲ್ಲರೂ ಸ್ಕ್ರೀನ್ ನೋಡ್ತಾರೆ. 'ಕಾರ್ಡ್ ತೆಗೆಯಲಾಗಿದೆ' ಅಂತ ಬಂದ್ರೆ ಕೈ ಹಾಕಿ ಅಲಗಿನ ಹಿಂದಿನ ಕೇಬಲ್ ಕೀಳ್ತಾರೆ. ಪಿನ್ನು ಹಾಕ್ಬೇಡಿ ಅಂತ ಬಾಯಲ್ಲಿ ಹೇಳಿದ್ದು ಯಾರು ಅಂತ ಅವರನ್ನೇ ಕೇಳಿ."

"ಬಾಯಿ ಬಿಗಿ ಹಿಡಿ," ಮ್ಯಾನೇಜರನ ಕುತ್ತಿಗೆ ಕೆಂಪೇರಿತು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋಕೆ ಬರ್ಬೇಡ."

"ಆ 'ತೆಗೆಯಲಾಗಿದೆ' ಅನ್ನೋ ಸಾಲು," ಅಳತೆಯಮ್ಮ ಇಬ್ಬರ ನಡುವೆ ದನಿಯೇರಿಸದೆ ತೂರಿದಳು, "ಅದು ಎಲ್ಲಿ ಬರುತ್ತೆ?"

"ನನ್ನ ಕೊನೇ ಸಾಲು ಅದೇ. ಅದಾದ ಮೇಲೆ ಸಿಸ್ಟಮ್ ಪಟ್ಟಿ ಬಿಚ್ಚುತ್ತೆ, ಕಾವಲುಗಾರನ್ನ ಕಳಿಸುತ್ತೆ."

"ಎಷ್ಟು ಹೊತ್ತಾಗುತ್ತೆ?"

"ನಲವತ್ತು ಮೈಕ್ರೋಸೆಕೆಂಡ್ ಒಳಗೆ. ಸೆಕೆಂಡಿನ ಹತ್ತು ಲಕ್ಷದಲ್ಲಿ ನಲವತ್ತು ಪಾಲು."

ಆಕೆ ಚೀಲದಿಂದ ಒಂದು ಹಾಳೆ ತೆಗೆದಳು. ಬೆಳಗ್ಗೆ ಏಳೂವರೆಗೆ ಆಸ್ಪತ್ರೆಯಲ್ಲಿ ಫಿಟ್ಟರ್ ಕೊಟ್ಟ ಹೇಳಿಕೆ. ಕೆಳಗೆ ಎಡಗೈಯಲ್ಲಿ ಹಾಕಿದ ಸಹಿ, ಒಂದನೇ ತರಗತಿಯವರ ಅಕ್ಷರದ ಹಾಗೆ ಸೊಟ್ಟಗೆ.

"'ತೆಗೆಯಲಾಗಿದೆ ಅಂತ ಬಂತು. ಓದಿದೆ. ಸ್ಪ್ಯಾನರ್ ಬೆಂಚಿನ ಮೇಲಿಟ್ಟೆ. ಬಟ್ಟೆಯಲ್ಲಿ ಕೈ ಒರೆಸಿದೆ. ಆಮೇಲೆ ಕೈ ಹಾಕಿದೆ.'" ಆಕೆ ತಲೆಯೆತ್ತಿದಳು. "ನಿನ್ನೆ ಇದೇ ಕೋಣೆಯ ಮೂರು ಜನ ಫಿಟ್ಟರುಗಳ ಕೈಲಿ ಇಷ್ಟನ್ನೇ ಮಾಡಿಸಿ ನೋಡಿದೆ. ಒಬ್ಬನಿಗೆ ಎರಡು ಪಾಯಿಂಟ್ ಒಂಬತ್ತು ಸೆಕೆಂಡು. ಇನ್ನಿಬ್ಬರಿಗೆ ಮೂರು ಪಾಯಿಂಟ್ ಮೂರು, ಮೂರು ಪಾಯಿಂಟ್ ನಾಲ್ಕು. ಮೂರು ಸೆಕೆಂಡಲ್ಲಿ ನಿಮ್ಮ ನಲವತ್ತು ಮೈಕ್ರೋಸೆಕೆಂಡು ಎಪ್ಪತ್ತೈದು ಸಾವಿರ ಸಲ ಕೂರುತ್ತೆ, ಪಂಡಿತರೇ. ನಿಮ್ಮ ಕಾವಲುಗಾರ ಮನೆಗೆ ಹೋಗಿ ಉಂಡು ಮಲಗಿರ್ತಿದ್ದ."

ಪಂಡಿತನ ಕೈಗಳು ಎದೆಯ ಮೇಲಿಂದ ಕೆಳಗಿಳಿದವು.

"ನೀವು ಮಾಡಿದ್ದು ತಪ್ಪೇ. ಅದನ್ನ ನಾನೂ ಬರೀತೀನಿ. ಆದ್ರೆ ಆ ತಪ್ಪು ಆ ಬೆರಳುಗಳನ್ನ ಕತ್ತರಿಸೋಕೆ ಸಾಧ್ಯವೇ ಇಲ್ಲ. ನಿಮ್ಮಂಥವರಿಗೆ ಈ ಲೆಕ್ಕ ಹೊಳೀಲಿಲ್ಲ ಅಂದ್ರೆ ನಂಬ್ಲಾ?"

"ಅವನಿಗೆ ನೆನಪು ಕೆಟ್ಟಿರುತ್ತೆ. ಅಷ್ಟು ರಕ್ತ ಹೋಗಿದೆ."

"ಯಾರಿಗೆ ನೆನಪು ಕೆಟ್ಟಿದ್ದು?"

ಬಾಗಿಲಲ್ಲಿ ತಂಗಿ ನಿಂತಿದ್ದಳು. ಗೇಟಿನ ಕಾವಲಿನವನು ತಡೆಯಲು ಹೋಗಿ ಅವಳ ಮುಖ ನೋಡಿ ಕೈಬಿಟ್ಟಿದ್ದ. ಕೈಯಲ್ಲಿ ಆಸ್ಪತ್ರೆಯ ಹೆಸರಿನ ಪ್ಲಾಸ್ಟಿಕ್ ಚೀಲ. ನಾಲ್ಕು ದಿನದಿಂದ ಆಸ್ಪತ್ರೆಯ ಬೆಂಚಿನ ಮೇಲೆಯೇ ಕಳೆದವಳ ಬಟ್ಟೆ ಮುದುಡಿತ್ತು. ಬೆನ್ನು ಮಾತ್ರ ಕಂಬದ ಹಾಗೆ ನೆಟ್ಟಗಿತ್ತು.

"ಪುಟ್ಟಿ, ನೀನು ಯಾಕೆ ಬಂದೆ?" ಪಂಡಿತ ಎದ್ದ.

"ಕೂತ್ಕೋ ಅಣ್ಣ. ಪುಟ್ಟಿ ಗಿಟ್ಟಿ ಎಲ್ಲ ಅಮ್ಮನ ಮನೇಲಿ. ಇಲ್ಲಿ ನಾನು ಬೆರಳು ಕಳ್ಕೊಂಡೋನ ಹೆಂಡ್ತಿ."

"ಅಮ್ಮಾ, ಇದು ತನಿಖೆ ನಡೆಯೋ ಜಾಗ," ಮ್ಯಾನೇಜರ್ ಅಡ್ಡ ಬಂದ.

"ನಮ್ಮನೆಯವರ ಬೆರಳೂ ಇಲ್ಲೇ ಎಲ್ಲೋ ಬಿದ್ದಿತ್ತು ಸ್ವಾಮಿ. ಆವತ್ತು ಯಾರೂ ಜಾಗದ ಮಾತಾಡ್ಲಿಲ್ಲ."

ಮ್ಯಾನೇಜರ್ ಸರಿದು ನಿಂತ. ಅಳತೆಯಮ್ಮ ಒಂದು ಕುರ್ಚಿ ಎಳೆದುಕೊಟ್ಟಳು. ತಂಗಿ ಕೂರಲಿಲ್ಲ.

ಅಳತೆಯಮ್ಮ ವಿಚಾರಣೆ ನಿಲ್ಲಿಸಲಿಲ್ಲ. ಯಂತ್ರ ತಾನೇ ದಾಖಲಿಸುವ ದಿನಚರಿಯ ಪ್ರತಿಯನ್ನು ಬಿಡಿಸಿ ಮೇಜಿನ ಮೇಲೆ ಹರಡಿದಳು. ಈ ಯಂತ್ರಗಳಿಗೆ ಹೊಸ ಡ್ರೈವರು ಹಾಕಬೇಕಾದರೆ ಒಂದು ಸಹಿ ಕೀಲಿ ಬೇಕು. ಪೆನ್ ಡ್ರೈವಿನಷ್ಟೇ ಗಾತ್ರ; ಅದನ್ನು ಸಿಕ್ಕಿಸದಿದ್ದರೆ ಯಂತ್ರ ಹೊಸದನ್ನು ಹತ್ತಿರವೇ ಸೇರಿಸುವುದಿಲ್ಲ. ಇಡೀ ಕಾರ್ಖಾನೆಯಲ್ಲಿ ಅಂಥವು ಎರಡೇ. ಒಂದನೇ ನಂಬರಿನದು ಮ್ಯಾನೇಜರನ ಬಳಿ, ಎರಡನೇ ನಂಬರಿನದು ಪಂಡಿತನ ಬಳಿ.

"ಶುಕ್ರವಾರ ಮಧ್ಯಾಹ್ನ ಎರಡು ಗಂಟೆ ಐದು ನಿಮಿಷಕ್ಕೆ ಆರನೇ ಯಂತ್ರಕ್ಕೆ ಹೊಸ ಡ್ರೈವರು ಹಾಕಿದಾರೆ. ಎರಡನೇ ನಂಬರಿನ ಕೀಲಿಯಿಂದ."

"ಶುಕ್ರವಾರ ನಾನು ರಜೆ," ಅಂದ ಪಂಡಿತ.

"ಹಾಜರಿ ಪುಸ್ತಕವೂ ಅದನ್ನೇ ಹೇಳುತ್ತೆ. ಕೀಲಿ ಎಲ್ಲಿತ್ತು?"

"ಡ್ರಾಯರಲ್ಲಿ. ಬೀಗ ಹಾಕಿತ್ತು."

"ಈಗ?"

"ಈಗಲೂ ಅಲ್ಲೇ ಇದೆ."

ಮಾತು ಸಲೀಸಾಗಿ ಬಂತು. ಅತಿ ಸಲೀಸಾಗಿ ಬಂತು ಅನ್ನಿಸಿ ಆಕೆ ಬಾಯಿ ತೆರೆಯುವಷ್ಟರಲ್ಲಿ, ತಂಗಿ ಚೀಲವನ್ನು ಮೇಜಿನ ಮೇಲೆ ತಲೆಕೆಳಗು ಮಾಡಿದ್ದಳು.

ಒಂದು ಕೈಗಡಿಯಾರ, ಮನೆಯ ಬೀಗದ ಕೈ, ಅರ್ಧ ಮುಗಿದ ಗಂಟಲಿನ ಗುಳಿಗೆಗಳ ಪಟ್ಟಿ, ಎಣ್ಣೆ ಕಲೆಯ ಕರವಸ್ತ್ರ. ಕೊನೆಗೆ, ನೀಲಿ ಟೇಪು ಸುತ್ತಿದ ಒಂದು ಸಣ್ಣ ಕಡ್ಡಿ ಉರುಳಿಬಂದು ವರದಿಯ ಹಾಳೆಗೆ ತಾಗಿ ನಿಂತಿತು. ಟೇಪಿನ ಮೇಲೆ ಮಸಿಯಲ್ಲಿ ಬರೆದ ಎರಡರ ಅಂಕಿ.

"ಷರ್ಟು ಕತ್ತರಿಸಿ ತೆಗೆದಾಗ ಜೇಬಲ್ಲಿತ್ತಂತೆ," ಅಂದಳು ತಂಗಿ. "ನರ್ಸು ಇವತ್ತು ಬೆಳಗ್ಗೆ ಕೊಟ್ಟರು. ಇದು ಏನು ಅಂತ ನಮ್ಮನೆಯವರನ್ನ ಕೇಳಿದೆ. ಗೋಡೆ ಕಡೆ ತಿರುಗಿ ಮಲಗಿದ್ರು. ಈಗ ನಿನ್ನ ಕೇಳ್ತೀನಿ. ಇದು ಯಾರದ್ದು ಅಣ್ಣ?"

ಕೊಠಡಿಯ ಆ ತುದಿಯಲ್ಲಿ ಯಾವುದೋ ಯಂತ್ರದ ಫ್ಯಾನು ತಿರುಗುತ್ತಿತ್ತು.

"ಡ್ರಾಯರಿಗೆ ಕಾಲು ಬಂದಿತ್ತಾ?" ಅಳತೆಯಮ್ಮ ಕೇಳಿದಳು.

ಪಂಡಿತ ಸ್ಟೂಲಿನ ಮೇಲೆ ಕುಸಿದ. "ಗುರುವಾರ ಸಂಜೆ ಕೊಟ್ಟೆ. ಇವಳ ಗಂಡನೇ ಬಂದು ಕೇಳಿದ."

"ಆರು ತಿಂಗಳಿಂದ ಮುಖ ನೋಡದೋನಿಗೆ ಕೀಲಿ ಕೊಟ್ಟೆಯಾ?" ತಂಗಿಯ ದನಿ ತಗ್ಗಿತು. ತಗ್ಗಿದ್ದರಿಂದಲೇ ಕೋಣೆ ಇನ್ನಷ್ಟು ಬಿಸಿಯಾಯಿತು. "ಎಲ್ಲರೆದುರು ನಿನ್ನ ಪ್ರೋಗ್ರಾಮನ್ನ ಮಕ್ಕಳಾಟಿಕೆ ಅಂದ್ರು ಅಂತ ನನ್ನ ಮನೆ ಮೆಟ್ಟಿಲು ಹತ್ತೋದು ಬಿಟ್ಟೋನು ನೀನು. ಅಮ್ಮನ ಹತ್ರ ಏನಂದೆ? 'ಅವನ ಕೈ ಒಂದಿನ ಬುದ್ಧಿ ಕಲಿಯುತ್ತೆ' ಅಂದೆ. ಅಂದೆಯೋ ಇಲ್ವೋ?"

"ಕೋಪದಲ್ಲಿ ಅಂದಿದ್ದು."

"ಮತ್ತೆ ಕೀಲಿ ಪ್ರೀತಿಲಿ ಕೊಟ್ಟೆಯಾ?"

"ಒಂದು ಸಣ್ಣ ಬದಲಾವಣೆ ಹಾಕ್ಬೇಕು, ಫೈಲು ನನ್ನ ಹತ್ರ ಇದೆ ಅಂದ. ಯಾರು ಕೊಟ್ಟಿದ್ದು ಅಂತ ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ತಾನಾಗೇ ಬಂದು ಮಾತಾಡ್ಸಿದಾನಲ್ಲ, ಅಷ್ಟೇ ಸಾಕು ಅನ್ನಿಸ್ತು." ಅವನು ಮುಖ ಒರೆಸಿಕೊಂಡ. "ಕೀಲಿ ಬೇರೆಯವರಿಗೆ ಕೊಟ್ಟರೆ ಕೆಲಸ ಹೋಗುತ್ತೆ. ಕೊಟ್ಟಿದ್ದು ನಾನು, ಹಾಕಿದ್ದು ಅವನು ಅಂತ ಆದ್ರೆ ನನ್ನ ಜೊತೆ ಅವನೂ ಸಿಕ್ಕಿಹಾಕ್ಕೊಳ್ತಾನೆ. ನನ್ನ ತಪ್ಪು ಹೇಗೂ ಫೈಲಲ್ಲಿ ಇತ್ತಲ್ಲ. ಅದನ್ನೇ ಒಪ್ಕೊಂಡೆ."

"ದೊಡ್ಡ ತ್ಯಾಗ," ತಂಗಿ ನಕ್ಕಳು. ಆ ನಗೆಯನ್ನು ನೋಡುವುದು ಕಷ್ಟವಿತ್ತು. "ಇವರನ್ನ ಉಳಿಸೋಕೆ ಸುಳ್ಳು ಹೇಳ್ದೆ ಅಂತೀಯ. ಇವರ ನಾಲಿಗೆ ಇನ್ನೂ ಇದೆ ಅಣ್ಣ, ಹೋಗಿರೋದು ಬೆರಳು ಮಾತ್ರ. ಒಂದು ಮಾತು ಬಂದು ಕೇಳಬಹುದಿತ್ತು. ನಾಲ್ಕು ದಿನದಲ್ಲಿ ಆಸ್ಪತ್ರೆ ಕಡೆ ತಲೆ ಹಾಕಿದೆಯಾ?"

ಪಂಡಿತ ನೀಲಿ ಟೇಪಿನ ಕಡ್ಡಿಯನ್ನು ಬೆರಳಿಂದ ದೂರ ತಳ್ಳಿದ.

"ಸರಿ, ಈಗ ಇನ್ನೂ ಸಲೀಸಾಯ್ತಲ್ಲ," ಮ್ಯಾನೇಜರ್ ಮುಂದೆ ಬಂದ. "ಫಿಟ್ಟರ್ ತಾನೇ ಹಾಕಿದ, ತಾನೇ ಕೈ ಕೊಟ್ಟ. ವರದಿಯಲ್ಲಿ ಒಂದು ಸಾಲು ಸೇರಿಸ್ತೀನಿ. ಹನ್ನೊಂದೂವರೆ ಆಯ್ತು."

"ಫಿಟ್ಟರಿಗೆ ಡ್ರೈವರು ಬರೆಯೋಕೆ ಬರುತ್ತಾ?"

"ಇಲ್ಲ."

"ಮತ್ತೆ ಬರೆದೋರು ಯಾರು?"

"ನನ್ನನ್ನ ಯಾಕೆ ನೋಡ್ತೀರಿ?"

"ನಾನು ನಿಮ್ಮನ್ನ ನೋಡ್ಲಿಲ್ಲ ಮ್ಯಾನೇಜರೇ. ಪಿನ್ನು ನೋಡ್ದೆ. ನೀವು ಅದರ ಮುಂದೆ ನಿಂತಿದೀರಿ. ಸ್ವಲ್ಪ ಸರ್ಕೊಳ್ಳಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಮುಖ ಮಾಡಿ ಮ್ಯಾನೇಜರ್ ಸರಿದ. ಆಕೆ ಪಿನ್ನನ್ನು ಮೊಳೆಯಿಂದ ತೆಗೆದು, ಧೂಳು ಒರೆಸಿ, ತಾನೇ ಅಲಗಿನ ತೂತಿಗೆ ಸಿಕ್ಕಿಸಿ, ಎರಡು ಸಲ ಅಲ್ಲಾಡಿಸಿ ನೋಡಿದಳು. ನಾಲ್ಕು ನಿಮಿಷ ಹಿಡಿಯಿತು. ಯಾರೂ ಸಹಾಯಕ್ಕೆ ಬರಲಿಲ್ಲ.

"ಏನು ಮಾಡ್ತೀರಿ?"

"ಅಳೀತೀನಿ."

"ಅದಕ್ಕೆ ಮೇಲಿನವರ ಅನುಮತಿ ಬೇಕು. ಯಂತ್ರ ಮೊಹರಾಗಿದೆ."

"ಮೊಹರು ನಂದು. ಹಾಕಿದೋಳಿಗೆ ಬಿಚ್ಚೋಕೂ ಬರುತ್ತೆ."

"ಮೇಡಂ, ಬೇಡ," ಅಂದ ಪಂಡಿತ. ಅದು ಬೆದರಿಕೆಯೋ ಬೇಡಿಕೆಯೋ ತಿಳಿಯುವಂತಿರಲಿಲ್ಲ. "ಅಳೆದ್ರೆ ಇಲ್ಲಿರೋ ಯಾರಿಗೂ ಒಳ್ಳೇದಾಗಲ್ಲ."

"ನನಗೆ ಆಗುತ್ತೆ," ಅಂದಳು ತಂಗಿ. "ಅಳೀರಿ."

ಅಳತೆಯಮ್ಮ ವಿದ್ಯುತ್ತಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿನ ಎರಡು ತಂತಿಗಳನ್ನು ತೆಗೆದುಕೊಂಡಳು. ಒಂದನ್ನು 'ತೆಗೆಯಲಾಗಿದೆ' ಎಂಬ ಸಾಲಿನ ಜೊತೆಗೇ ಉರಿಯುವ ದೀಪಕ್ಕೆ ಸಿಕ್ಕಿಸಿದಳು. ಇನ್ನೊಂದನ್ನು ಬೆಳಕಿನ ಪರದೆಯ ಸುದ್ದಿ ಕಾರ್ಡಿನಿಂದ ಕಂಪ್ಯೂಟರಿಗೆ ಹೋಗಲು ಅಪ್ಪಣೆ ಕೊಡುವ ಚಿಪ್‌ನ ಲೋಹದ ಕಾಲಿಗೆ. ಮೊದಲ ಗೆರೆ ಏರಿದರೆ ಮನೆ ಬಿಟ್ಟಾಯಿತು. ಎರಡನೇ ಗೆರೆ ಇಳಿದರೆ ಕಾವಲುಗಾರ ಹೊರಟ. ನಡುವೆ ಇರುವುದೇ ಅಪಾಯದ ಹೊತ್ತು.

ಮೊದಲು ಪಕ್ಕದ ಐದನೇ ಯಂತ್ರ. ಪಂಡಿತನ ಮೂಲ ಫೈಲಿನಿಂದ ಬೆಳಗ್ಗೆ ಅವಳ ಕಣ್ಣೆದುರೇ ತಯಾರಿಸಿದ ಡ್ರೈವರನ್ನು ಮ್ಯಾನೇಜರನ ಒಂದನೇ ನಂಬರಿನ ಕೀಲಿಯಿಂದ ಅದರಲ್ಲಿ ಹಾಕಿಸಿದ್ದಳು. ಎರಡು ಗೆರೆಗಳು ಒಂದರ ಮೇಲೊಂದು ಬಿದ್ದಂತೆ ಕಂಡವು. ಸ್ಕ್ರೀನಿನ ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದ ಮೇಲೆ ನಡುವಿನ ಬಿರುಕು ಕಂಡಿತು.

"ಮೂವತ್ತೆಂಟು ಮೈಕ್ರೋಸೆಕೆಂಡು," ಆಕೆ ಬರೆದುಕೊಂಡಳು. "ನೀವು ಹೇಳಿದ್ದು ಸರಿ. ಇಷ್ಟರಲ್ಲಿ ಆ ಮನೆಗೆ ಬೇರೆ ಯಾರೂ ಬಂದು ಸೇರೋಕೂ ಆಗಲ್ಲ, ಯಾರ ಕೈಯೂ ಒಳಗೆ ಹೋಗೋಕೂ ಆಗಲ್ಲ."

ಆಮೇಲೆ ಆರನೇ ಯಂತ್ರ. ಶುಕ್ರವಾರ ಎರಡೂ ಐದಕ್ಕೆ ಹಾಕಿದ, ಆಮೇಲೆ ಯಾರೂ ಮುಟ್ಟದ ಡ್ರೈವರು. ಆಕೆ ಗುಂಡಿ ಒತ್ತಿದಳು.

'ಕಾರ್ಡ್ ತೆಗೆಯಲಾಗಿದೆ.'

ಮೊದಲ ಗೆರೆ ಏರಿತು. ಎರಡನೆಯದು ಇಳಿಯಲಿಲ್ಲ.

ಪಂಡಿತ ಸ್ಟೂಲಿನಿಂದ ಎದ್ದು ಸ್ಕ್ರೀನಿನ ಹತ್ತಿರ ಬಂದ, ಇನ್ನೂ ಹತ್ತಿರ ಬಂದ. ಎರಡನೇ ಗೆರೆ ಹಾಗೇ ಮೇಲೆಯೇ ಇತ್ತು. ಒಬ್ಬ ಮನುಷ್ಯ ಸಾಲು ಓದಿ, ಸ್ಪ್ಯಾನರ್ ಕೆಳಗಿಟ್ಟು, ಬಟ್ಟೆ ಎತ್ತಿಕೊಂಡು, ಬೆರಳು ಬೆರಳು ಒರೆಸಿಕೊಂಡು, ಧೈರ್ಯವಾಗಿ ಕೈ ಚಾಚುವಷ್ಟು ಹೊತ್ತು ಇತ್ತು. ಆಮೇಲೆ ಇಳಿಯಿತು.

"ಇದು ನನ್ನದಲ್ಲ," ಪಂಡಿತ ಪಿಸುಗುಟ್ಟಿದ. "ಪಟ್ಟಿಗೆ ಇನ್ನೊಂದು ಬಾಬು ಸೇರಿಸಿದಾರೆ. ಕಾವಲುಗಾರನ ಆಮೇಲೆ. ಕೊನೆಗೆ ಸೇರಿಸಿದ್ದು ಮೊದಲು ಬಿಚ್ಚಿಕೊಳ್ಳುತ್ತೆ. ಅದು ಬಿಚ್ಚಿಕೊಳ್ಳೋತನಕ ಕಾವಲುಗಾರ ಕಾಯ್ತಾನೆ. ಅದಕ್ಕೆ ಬೇರೇನೂ ಕೆಲಸ ಇಲ್ಲ, ಸುಮ್ನೆ ಹೊತ್ತು ಕಳೆಯುತ್ತೆ, ಅಷ್ಟೇ. ಈ ಕ್ರಮ ಗೊತ್ತಿರೋರು ಮಾತ್ರ ಹೀಗೆ ಬರೀತಾರೆ."

"ಅಂಥವರು ಇಲ್ಲಿ ಎಷ್ಟು ಜನ?"

"ಇಬ್ಬರೇ." ಪಂಡಿತ ಮ್ಯಾನೇಜರನ ಕಡೆ ನೋಡಿದ. ಮ್ಯಾನೇಜರ್ ಪಂಡಿತನ ಕಡೆ ನೋಡುತ್ತಿದ್ದ. ತಂಗಿ ಇಬ್ಬರನ್ನೂ ನೋಡಿದಳು.

ಅಳತೆಯಮ್ಮ ಎರಡನೇ ಸಲ ಅಳೆದಳು, ಮೂರನೇ ಸಲವೂ. ಅಂಕಿ ಹೆಚ್ಚುಕಡಿಮೆ ಅಲ್ಲೇ ಬಂದು ನಿಂತಿತು. ಸೆಕೆಂಡಿನ ಸಾವಿರದಲ್ಲಿ ಎರಡು ಮೂರು ಪಾಲು ಬಿಟ್ಟರೆ, ಕೆಟ್ಟುಹೋದ ಯಂತ್ರ ಇಷ್ಟು ದುಂಡಗಿನ ಅಂಕಿ ತೋರಿಸಿದ್ದನ್ನು ತನ್ನ ಇಪ್ಪತ್ತೇಳು ವರ್ಷದ ಕೆಲಸದಲ್ಲಿ ಅವಳು ಒಮ್ಮೆಯೂ ಕಂಡಿರಲಿಲ್ಲ. ಇಂಥ ಅಂಕಿಯನ್ನು ಯಾರಾದರೂ ಕೂತು ಯೋಚಿಸಿ ಬರೆಯಬೇಕು. ಸ್ಪ್ಯಾನರ್ ಇಟ್ಟು ಕೈ ಒರೆಸುವವನ ಅಭ್ಯಾಸವನ್ನು ಬಲ್ಲವರು ಬರೆಯಬೇಕು.

ಹೊರಗೆ ಜೀಪು ನಿಂತ ಸದ್ದಾಯಿತು. ಆಕೆ ಸಹಿಯಾಗದ ವರದಿಯ ಹಿಂಬದಿಯನ್ನೇ ತಿರುಗಿಸಿಕೊಂಡು, ಯಂತ್ರದ ನಂಬರು, ಗಂಟೆ, ಹಾಜರಿದ್ದ ಮೂವರನ್ನು ನಮೂದಿಸಿ, ಮೂರನೇ ಸಲದ ಅಳತೆಯನ್ನು ಕೆಳಗೆ ಬರೆದಳು.

ಐದು ಸೆಕೆಂಡು, ಮೂರು ಮಿಲಿಸೆಕೆಂಡು.